ಘಟ್ಟದ ಬುಡದಲ್ಲಿ ತಾನಾಗಿ ಎದ್ದ ಕಾಡು: ಸವರಬೇಕೋ, ನೆಡಬೇಕೋ, ಬಿಡಬೇಕೋ?

ಹಾಡಿಮನೆ

ನಮ್ಮ ಜಾಗ ಉಡುಪಿ ಜಿಲ್ಲೆಯ ಹೆಬ್ರಿಯಿಂದ ಸೋಮೇಶ್ವರದ ಕಡೆಗೆ, ಘಟ್ಟದ ಬುಡ. ಒಟ್ಟು 7 ಎಕರೆ ಗುಡ್ಡೆ. 5 ಎಕರೆ ವರ್ಗ (ಸ್ವಂತ ಪಟ್ಟಾ ಜಾಗ), ಉಳಿದದ್ದು ಕುಮ್ಕಿ (ಅದಕ್ಕೆ ತಾಗಿದ ಸರಕಾರಿ ಜಾಗ). ಪಶ್ಚಿಮಕ್ಕೆ ಮುಖವಾದ ಇಳಿಜಾರು. ಹಿಂದೆ ಗೇರುತೋಪು ಇತ್ತು, ಆಳು ಸಿಗದೆ ಕೈಬಿಟ್ಟು 20 ವರ್ಷದ ಮೇಲಾಯಿತು. ಈಗ ಮೂರು ಬಗೆಯಾಗಿ ಕಾಣುತ್ತದೆ.

ಕೆಳಗಿನ ಎರಡೂವರೆ ಎಕರೆ ಪೂರ್ತಿ ಉಪ್ಪಳಿಗೆ (ಬೇಗ ಬೆಳೆಯುವ ಅಗಲ ಎಲೆಯ ಮರ), ನಡುನಡುವೆ ಹಳೆ ಗೇರು, ಅಡಿಯಲ್ಲಿ ಕಮ್ಯುನಿಸ್ಟ್ ಸೊಪ್ಪು ಎಂಬ ಕಳೆಗಿಡ, ಅಂಚಿಗೆ ಮೈಕೇನಿಯಾ ಎಂಬ ಕಳೆಬಳ್ಳಿ. ಮಧ್ಯದ 3 ಎಕರೆ ಒಳ್ಳೆಯ ಹಾಡಿ (ಮರ ತುಂಬಿದ ಸಣ್ಣ ಕಾಡು): ಮರುವ, ಜಂಬೆ, ನೇರಳೆ, ಹೆಬ್ಬಲಸು, ಹೈಗ, ಅಲ್ಲಲ್ಲಿ ಬೈನೆ. ಹೆಚ್ಚಿನವು ತೊಡೆ ಗಾತ್ರದ ಗಳುಗಳು (ಎಳೆ ಮರಗಳು), ತುಂಬ ಒತ್ತಾಗಿವೆ. ಮೇಲಿನ ಒಂದೂವರೆ ಎಕರೆಯಲ್ಲಿ ಅಕೇಶಿಯಾ, ಮುಳಿಹುಲ್ಲು, ನಡುವೆ ಮುರಕಲ್ಲಿನ (ಜಂಬಿಟ್ಟಿಗೆ) ಪಾದೆ, ಅಂದರೆ ಬಂಡೆ ಹಾಸು. ಎರಡು ಮೂರು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಅಲ್ಲಿಗೆ ಬೆಂಕಿ ಬೀಳುತ್ತದೆ.

ಕಾಡು ಕಾಡಾಗಿಯೇ ಬೆಳೆಯಬೇಕು. ಜೊತೆಗೆ ಅಡಿಕೆ ತೋಟಕ್ಕೆ ಸೊಪ್ಪು-ತರಗೆಲೆ, ಮನೆಗೆ ಕಟ್ಟಿಗೆ, ಮುಂದೆ ಒಂದಿಷ್ಟು ಮೋಪು, ಪುನರ್ಪುಳಿ, ಉಪ್ಪಾಗೆ ಸಿಗುವ ಹಾಗಿದ್ದರೆ ಒಳ್ಳೆಯದು. ಕೇಳಬೇಕಾದ್ದು ಇಷ್ಟು:

1. ಮಧ್ಯದ ಹಾಡಿಯಲ್ಲಿ ಒತ್ತು ಬಿಡಿಸಬೇಕೆ? ಎಷ್ಟು ಕಡಿದರೆ ಸರಿ?
2. ಉಪ್ಪಳಿಗೆ ಪೂರ್ತಿ ತೆಗೆದು ಧೂಪ, ಕಿರಾಲ್‌ಬೋಗಿ ಮರ ನೆಡಿ ಎನ್ನುವವರಿದ್ದಾರೆ. ಸರಿಯೇ?
3. ಅಕೇಶಿಯಾವನ್ನು ಒಂದೇ ಸಲಕ್ಕೆ ಕಡಿದು ಮಾರಬಹುದೆ?
4. ಇಳಿಜಾರಿನಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಬೇಕೆಂದಿದೆ. ಅಳತೆ ಎಷ್ಟಿರಬೇಕು?

---

ಬೈನೆಮರ

ನಾಲ್ಕೂ ಪ್ರಶ್ನೆಗೆ ಮೊದಲು ಎಣಿಕೆ ಆಗಬೇಕು. ಕಣ್ಣಂದಾಜಿಗೆ ‘ಒತ್ತಾಗಿದೆ’, ‘ಖಾಲಿ ಇದೆ’ ಅಂದುಕೊಂಡು ಕತ್ತಿ ಹಿಡಿದರೆ ಇರುವ ಒಳ್ಳೆಯ ಸಸಿಯೇ ಮೊದಲು ಹೋಗುತ್ತದೆ.

ಥಾಯ್ಲೆಂಡಿನ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದವರು ದೋಯ್ ಸುಥೆಪ್ ಬೆಟ್ಟದ ಕಾಡು ಮರಳಿಸಲು ಬಳಸಿದ ಕ್ರಮ ನಮ್ಮ ಗುಡ್ಡೆಗೂ ಒಗ್ಗುತ್ತದೆ. 5 ಮೀಟರ್ ಹಗ್ಗ, ನಡುವೆ ಒಂದು ಗೂಟ, ಸುತ್ತ ವೃತ್ತ. ಅದರೊಳಗೆ ಮೂರನ್ನು ಮಾತ್ರ ಎಣಿಸಿ: 50 ಸೆಂ.ಮೀ.ಗಿಂತ ಎತ್ತರದ ಕಾಡುಸಸಿ, ಚಿಗುರಿರುವ ಬುಡ, 30 ಸೆಂ.ಮೀ. ಸುತ್ತಳತೆ ದಾಟಿದ ಮರ. ಅಕೇಶಿಯಾ, ಗೇರು, ಪೊದೆ, ಬಳ್ಳಿ ಲೆಕ್ಕಕ್ಕಿಲ್ಲ. ಒಂದೊಂದು ಭಾಗಕ್ಕೆ ಕನಿಷ್ಠ 6 ವೃತ್ತ ಮಾಡಿ, ಹತ್ತಾದರೆ ಇನ್ನೂ ಒಳ್ಳೆಯದು. ವೃತ್ತದ ಜಾಗವನ್ನು ನೀವೇ ಆರಿಸಬೇಡಿ. ಒಂದು ದಿಕ್ಕು ಹಿಡಿದು ಇಂತಿಷ್ಟು ಹೆಜ್ಜೆಗೆ ಒಂದು ಅಂತ ಹಾಕಿಕೊಂಡು ಹೋಗಿ. ಇಲ್ಲದಿದ್ದರೆ ಕಾಲು ತಾನಾಗಿ ನಡೆಯಲು ಸುಲಭವಾದ ಜಾಗಕ್ಕೇ ಹೋಗುತ್ತದೆ.

ವೃತ್ತದ ವಿಸ್ತೀರ್ಣ 78.5 ಚದರ ಮೀಟರ್. ಸರಾಸರಿ 25 ಸಿಕ್ಕಿತೆಂದರೆ ಹೆಕ್ಟೇರಿಗೆ ಸುಮಾರು 3,200 ಆಯಿತು. ಅಷ್ಟಿದ್ದರೆ ನೆಡುವ ಕೆಲಸವಿಲ್ಲ, ಇರುವುದನ್ನು ಕಾಪಾಡಿದರೆ ಸಾಕು. ಕಡಿಮೆ ಬಂದರೆ ಕೊರತೆಯಾದಷ್ಟು ಮಾತ್ರ ನೆಡುವುದು. ಸಂಖ್ಯೆಯ ಜೊತೆ ಜಾತಿಯನ್ನೂ ಬರೆದಿಡಿ. ಹೆಸರು ಗೊತ್ತಿಲ್ಲದ ಗಿಡಕ್ಕೆ ಎಲೆ ಕಿತ್ತು ‘ಅ’, ‘ಆ’ ಅಂತ ಗುರುತು ಹಾಕಿಕೊಂಡರೂ ನಡೆಯುತ್ತದೆ.

ಒತ್ತು ಎಷ್ಟಿದೆ ಎನ್ನುವುದಕ್ಕೆ ಇನ್ನೊಂದು ಅಳತೆ ಬೇಕು, ಮರಗಳ ಬುಡದ ಒಟ್ಟು ವಿಸ್ತೀರ್ಣ. ಗಟ್ಟಿ ರಟ್ಟಿನ ಅಂಚಿನಲ್ಲಿ ಸರಿಯಾಗಿ 1.4 ಸೆಂ.ಮೀ. ಅಗಲದ ಕಚ್ಚು ಕತ್ತರಿಸಿ, ಅದಕ್ಕೆ 50 ಸೆಂ.ಮೀ. ದಾರ ಕಟ್ಟಿ. ದಾರದ ತುದಿ ಕಣ್ಣಿನ ಕೆಳಗೆ ಕೆನ್ನೆಗೆ ಒತ್ತಿ ಹಿಡಿದು, ರಟ್ಟನ್ನು ದಾರ ಬಿಗಿಯಾಗುವಷ್ಟು ಮುಂದೆ ಚಾಚಿ, ನಿಂತಲ್ಲೇ ಒಂದು ಸುತ್ತು ತಿರುಗಿ. ಪ್ರತಿ ಮರವನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ನೋಡಬೇಕು. ಕಾಂಡ ಕಚ್ಚಿಗಿಂತ ಅಗಲವಾಗಿ ಕಂಡರೆ ಒಂದು ಎಣಿಕೆ, ಸರಿಸಮ ಇದ್ದರೆ ಅರ್ಧ, ಕಚ್ಚಿನೊಳಗೆ ಹೊಕ್ಕರೆ ಬಿಟ್ಟುಬಿಡಿ. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿದರೆ ಹೆಕ್ಟೇರಿಗೆ ಇಷ್ಟು ಚದರ ಮೀಟರ್ ಅಂತ ನೇರ ಉತ್ತರ. ಮುಂದಿನ ಮರಕ್ಕೆ ಮರೆಯಾದ ಹಿಂದಿನ ಮರವನ್ನು ಬಗ್ಗಿ ನೋಡಿ ಎಣಿಸಬೇಕು, ಎಲ್ಲರೂ ಎಡವುವುದು ಅಲ್ಲೇ. ಇಳಿಜಾರಿನಲ್ಲಿ ಈ ಲೆಕ್ಕ ಸ್ವಲ್ಪ ಕಡಿಮೆ ತೋರಿಸುತ್ತದೆ. ಗಡಿಯಲ್ಲಿರುವ ಮರ ಅನುಮಾನವಾದರೆ ಟೇಪು ಹಿಡಿದು ಮಟ್ಟಸ ದೂರ ಅಳೆಯಿರಿ: 20 ಸೆಂ.ಮೀ. ವ್ಯಾಸದ ಮರ ನಿಮ್ಮಿಂದ 7 ಮೀಟರ್ ಒಳಗಿದ್ದರೆ ಲೆಕ್ಕಕ್ಕೆ ಬರುತ್ತದೆ.

ಪಶ್ಚಿಮ ಘಟ್ಟದ ಬಲಿತ ನಿತ್ಯಹರಿದ್ವರ್ಣ ಕಾಡಿನಲ್ಲಿ ಈ ಅಂಕಿ 40ರ ಆಸುಪಾಸು. ನಿಮ್ಮ ಹಾಡಿಯಲ್ಲಿ 15 ಇದ್ದರೆ ‘ಒತ್ತಾಗಿದೆ’ ಎನ್ನುವ ಮಾತಿಗೇ ಅರ್ಥವಿಲ್ಲ.

ಎರಡನೇ ಪ್ರಶ್ನೆಗೆ ಈಗಲೇ ಹೇಳಿಬಿಡುತ್ತೇನೆ: ಉಪ್ಪಳಿಗೆಯನ್ನು ಪೂರ್ತಿ ತೆಗೆಯಬೇಡಿ. ಆ ಅಗಲ ಎಲೆಯ ನೆರಳಿಲ್ಲದೆ ಹೋದರೆ ಮುಂದಿನ ಮಳೆಗೆ ಅಷ್ಟೂ ಜಾಗ ಕಮ್ಯುನಿಸ್ಟ್ ಸೊಪ್ಪಿನ ಪಾಲು. ಅದರ ಕಾಯಿಗೆ ಪಿಕಳಾರದಂಥ ಹಕ್ಕಿಗಳು ಬಂದು ಕೂರುತ್ತವೆ, ಬೇರೆ ಮರದ ಬೀಜ ಉದುರಿಸುವುದೂ ಅವೇ. ಅಲ್ಪಾಯುಷಿ ಮರ, ತನ್ನ ಕೆಲಸ ಮುಗಿಸಿ ತಾನೇ ಬೀಳುತ್ತದೆ. ಅಡಿಯಲ್ಲಿ ಮುಂದಿನ ತಲೆಮಾರು ಇದೆಯೇ ಎನ್ನುವುದಷ್ಟೇ ಪ್ರಶ್ನೆ.

---

ಶೇಡಿಗುಡ್ಡೆ

ನಾಲ್ಕನೆಯದಕ್ಕೆ ಮಾತ್ರ ಉತ್ತರ, ಯಾಕೆಂದರೆ ಅದು ಅಪಾಯದ ಕೆಲಸ.

ನಮ್ಮ ಕರಾವಳಿ ಗುಡ್ಡೆಗಳ ಪದರ ನೆನಪಿಟ್ಟುಕೊಳ್ಳಿ: ಮೇಲೆ ಮಣ್ಣು, ಅದರ ಕೆಳಗೆ ತೂತುತೂತಾದ ಮುರಕಲ್ಲು, ಅದರಡಿ ಶೇಡಿಮಣ್ಣು (ಬಿಳಿಯ ಜೇಡಿಮಣ್ಣು). ಮುರಕಲ್ಲಿನಲ್ಲಿ ನೀರು ಸರಾಗ ಇಳಿಯುತ್ತದೆ, ಶೇಡಿಗೆ ತಲುಪಿ ನಿಲ್ಲುತ್ತದೆ. ನೆನೆದ ಶೇಡಿ ಜಾರುತ್ತದೆ, ಮೇಲಿನ ಭಾರ ಅದರ ಜೊತೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನಿಮ್ಮ ಜಾಗ ಅದರ ಬುಡದಲ್ಲೇ ಇದೆ. ಇಲ್ಲಿ ಇಳಿಜಾರಿನ ಕೊರತೆ ನೀರಲ್ಲ. ಬಯಲುಸೀಮೆಗೆ ಬರೆದ ಇಂಗುಗುಂಡಿ ನಕ್ಷೆಯನ್ನು ಘಟ್ಟದ ಬುಡಕ್ಕೆ ತರುವುದು ಬೇಡ.

ಮೂರು ಮೀಟರ್ ಮುಂದೆ ಹೋದಾಗ ಒಂದು ಮೀಟರ್‌ಗಿಂತ ಹೆಚ್ಚು ಇಳಿಯುವ ಜಾಗದಲ್ಲಿ ಗುಂಡಿಯೂ ಬೇಡ, ಸಾಲು ಕಂದಕವೂ ಬೇಡ. ಅಲ್ಲಿ ಮಾಡಬೇಕಾದ್ದು ನೀರಿನ ಓಟ ತಗ್ಗಿಸುವ ಕೆಲಸ ಮಾತ್ರ. ಕಡಿದ ಕೊಂಬೆ, ಗಳುಗಳನ್ನು ಸಮಪಾತಳಿಯಲ್ಲಿ ಅಡ್ಡ ಮಲಗಿಸಿ, ನೆಲಕ್ಕೆ ತಾಗುವ ಹಾಗೆ ಮರದ ಬುಡಕ್ಕೆ ಒರಗಿಸಿ. 30 ಸೆಂ.ಮೀ. ಎತ್ತರ ಸಾಕು. ಅಡಿ ಟೊಳ್ಳಾಗಿದ್ದರೆ ನೀರು ಅಲ್ಲೇ ನುಗ್ಗಿ ಕೊರೆಯುತ್ತದೆ. ಕೊರಕಲು ಬಿದ್ದಲ್ಲಿ ಕಾಡುಕಲ್ಲು ಜೋಡಿಸಿ ಸಣ್ಣ ತಡೆ ಕಟ್ಟಿ. ನಡು ಭಾಗ ಬದಿಗಳಿಗಿಂತ ತಗ್ಗಿರಲಿ, ಇಲ್ಲದಿದ್ದರೆ ನೀರು ತಡೆಯನ್ನು ಸುತ್ತು ಹಾಕಿ ದಂಡೆ ಒಡೆಯುತ್ತದೆ.

ಕೆಳಗಿನ ಸಮತಟ್ಟಿನಲ್ಲಿ, ಮನೆ ಮತ್ತು ಧರೆಯಿಂದ (ಕಡಿದಾದ ಮಣ್ಣಿನ ದಂಡೆ) ದೂರ, ಬೇಕಾದರೆ ಒಂದೆರಡು ಗುಂಡಿ ಮಾಡಿ.

ಗಮನಿಸಬೇಕಾದ ಲಕ್ಷಣಗಳು: ಬುಡದಲ್ಲೇ ಕೊಕ್ಕೆಯಾಗಿ ಬಾಗಿದ ಮರಗಳ ಸಾಲು, ಬಿಲ್ಲಿನಾಕಾರದ ಬಿರುಕು, ಜುಲೈಯಲ್ಲಿ ಇದ್ದಕ್ಕಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುವ ಒರತೆ ನೀರು. ಮೂರನೆಯದು ಕಂಡರೆ ಶೇಡಿ ಕರಗಿ ಹೊರಬರುತ್ತಿದೆ ಎಂದರ್ಥ. ಆ ದಿನ ಕೆಳಗೆ ಯಾರೂ ಮಲಗಬಾರದು.

ಇನ್ನೊಂದು, ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ಹಿಡಿಯದ್ದು. ಇಳಿಜಾರಿನ ಮರ ಪೂರ್ತಿ ಕಡಿದರೆ ಅದೇ ವರ್ಷ ಏನೂ ಆಗುವುದಿಲ್ಲ. ಹಳೆ ಬೇರು ಮೂರ್ನಾಲ್ಕು ವರ್ಷಕ್ಕೆ ಕೊಳೆಯುತ್ತದೆ, ಹೊಸ ಬೇರು ಇನ್ನೂ ಹಿಡಿದಿರುವುದಿಲ್ಲ. ಅಪಾಯ ಆ ಮಳೆಗಾಲದಲ್ಲಿ. ಮೂರನೇ ಪ್ರಶ್ನೆಗೆ ಇದೇ ಅರ್ಧ ಉತ್ತರ. ಕಡಿದ ಬುಡವನ್ನು ಜೆಸಿಬಿಯಿಂದ ಕೀಳಿಸುವುದಂತೂ ಬೇಡವೇ ಬೇಡ.

---

ಕಡವೆಕೋಡು

ಅಕೇಶಿಯಾ ಮತ್ತು ಬೆಂಕಿ ಒಟ್ಟಿಗೇ ನೋಡಬೇಕಾದ ವಿಷಯ.

ಅಕೇಶಿಯಾದ ಒಣ ಎಲೆ ಬೇಗ ಕರಗುವುದಿಲ್ಲ, ಅಡಿಯಲ್ಲಿ ದಪ್ಪ ಹಾಸು ಕಟ್ಟುತ್ತದೆ. ಮಾರ್ಚ್ ಹೊತ್ತಿಗೆ ಅದು ಉರಿಗೆ ತಯಾರಾದ ಸರಕು. ಬೀಜದ ಸಿಪ್ಪೆ ಗಟ್ಟಿ, ನೆಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೆಂಕಿಯ ಬಿಸಿ ತಾಗಿದರೆ ಒಟ್ಟಾಗಿ ಮೊಳೆಯುತ್ತದೆ. ಒಂದೇ ಸಲ ಕಡಿದು ಬಿಸಿಲು ಬಿಟ್ಟರೂ ಹಾಗೆಯೇ. ಮುಂದಿನ ಜುಲೈಯಲ್ಲಿ ಸಸಿ ಹಾಸಿದಂತೆ ಅಕೇಶಿಯಾ ಎದ್ದಿರುತ್ತದೆ.

ಆದ್ದರಿಂದ ಮೂರು ಕಂತಿನಲ್ಲಿ ತೆಗೆಯಿರಿ. ಮೊದಲ ಕಂತಿಗೆ ಮೂರರಲ್ಲಿ ಒಂದು ಭಾಗ, ಅದೂ ಅಡಿಯಲ್ಲಿ ಕಾಡುಸಸಿ ಈಗಾಗಲೇ ಸೊಂಟದೆತ್ತರ ಬಂದಿರುವ ಕಡೆಯಿಂದ ಶುರು. ಎರಡು ಮಳೆಗಾಲ ಬಿಟ್ಟು ಇನ್ನೊಂದು ಕಂತು. ಕಡಿಯುವುದು ನವೆಂಬರ್‌ನಿಂದ ಜನವರಿ ನಡುವೆ. ಬುಡವನ್ನು ನೆಲಕ್ಕೆ ಆದಷ್ಟು ಹತ್ತಿರ ಕೊಯ್ಯಿಸಿ. ಮೊಣಕಾಲೆತ್ತರ ಬಿಟ್ಟರೆ ಚಿಗುರುತ್ತದೆ, ತಗ್ಗಿಸಿ ಕೊಯ್ದರೆ ಹೆಚ್ಚಿನವು ಸಾಯುತ್ತವೆ. ಒಳ್ಳೆಯ ಸಸಿಗಳ ಮೇಲೆ ಬೀಳುವಂಥ ಮರವಾದರೆ ಕಡಿಯದೆ ತೊಗಟೆ ಸುಲಿಯಿರಿ: ಸೊಂಟದೆತ್ತರದಲ್ಲಿ ಸುತ್ತಲೂ 15 ಸೆಂ.ಮೀ. ಪಟ್ಟಿ, ಬಿಳಿ ಮರ ಕಾಣುವ ತನಕ ಕೆರೆದು. ತೊಗಟೆಯ ಒಂದು ಎಳೆ ಉಳಿದರೂ ಗಾಯ ಕೂಡಿಕೊಳ್ಳುತ್ತದೆ. ಸುಲಿದ ಮರ ನಿಂತಲ್ಲೇ ಒಣಗಿ ಕೊಂಬೆ ಕೊಂಬೆಯಾಗಿ ಉದುರುತ್ತದೆ. ದಾರಿ, ತಂತಿ, ದನ ಕಟ್ಟುವ ಜಾಗದ ಹತ್ತಿರ ಈ ಉಪಾಯ ಬೇಡ.

ಹೊಸ ಅಕೇಶಿಯಾ ಸಸಿಗಳನ್ನು ಜುಲೈಯಲ್ಲಿ ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಬೇಕು. ಮೂರು ಮಳೆಗಾಲ ಬಿಡದೆ ಕಿತ್ತರೆ ಮತ್ತೆ ಬರುವುದು ತೀರ ಕಡಿಮೆ.

ಬೆಂಕಿ ಗೆರೆಯನ್ನು (ಬೆಂಕಿ ದಾಟದಂತೆ ಗುಡಿಸಿ ಬಿಡುವ ಖಾಲಿ ಪಟ್ಟಿ) ಎಲ್ಲರೂ ಗುಡ್ಡೆಯ ತಲೆಯಲ್ಲಿ ಹಾಕುತ್ತಾರೆ. ನಿಮ್ಮದು ಪಶ್ಚಿಮಕ್ಕೆ ಮುಖವಾದ ಇಳಿಜಾರು. ಫೆಬ್ರವರಿ-ಮಾರ್ಚ್‌ನಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಕಡಲಗಾಳಿ ಬೆಂಕಿಯನ್ನು ಕೆಳಗಿನಿಂದ ಮೇಲಕ್ಕೇ ತಳ್ಳುತ್ತದೆ, ಬೆಂಕಿಗೆ ಏರುವುದು ಮೊದಲೇ ಸುಲಭ. ಹಾಗಾಗಿ ಮುಖ್ಯ ಗೆರೆ ಕೆಳಗಿನ ಅಂಚಿಗೆ, ಎರಡನೆಯದು ಹಾಡಿ ಮುಗಿದು ಹುಲ್ಲು ಶುರುವಾಗುವಲ್ಲಿ. ಅಗಲ 4–5 ಮೀಟರ್. ಡಿಸೆಂಬರ್ ಕೊನೆಗೆ ಹುಲ್ಲು ಹೆರೆದು ಗುಡಿಸಿ, ಫೆಬ್ರವರಿಯಲ್ಲಿ ಮತ್ತೆ ಗುಡಿಸಿ. ಎರಡನೇ ಸಲ ಗುಡಿಸದ ಗೆರೆಯ ಮೇಲೆ ಅಷ್ಟು ಹೊತ್ತಿಗೆ ಎಲೆ ಬಿದ್ದು ಬೆಂಕಿಗೆ ಸೇತುವೆ ಆಗಿರುತ್ತದೆ. ಗೆರೆಗೆ ಬೆಂಕಿ ಕೊಟ್ಟು ಸುಡುವುದು ಬೇಡ.

ಬೆಂಕಿ ಎಲ್ಲಿಂದ ಬರುತ್ತದೆ ಎಂದೂ ನೋಡಿ. ಸುಡುಮಣ್ಣು (ಮಣ್ಣು ಸುಟ್ಟು ಮಾಡುವ ಗೊಬ್ಬರ) ಮಾಡುವ ಕಾಲವೂ ಅದೇ. ತೋಟದಂಚಿನ ಸುಡುಮಣ್ಣಿನ ರಾಶಿ ಎರಡು ದಿನ ಒಳಗೊಳಗೇ ಉರಿಯುತ್ತಿರುತ್ತದೆ. ಕಾಡಿನಂಚಿನಿಂದ 30 ಮೀಟರ್ ಆಚೆ ಮಾಡಿ, ಸಂಜೆ ಗಾಳಿ ಇಳಿದ ಮೇಲೆ ಕೊಳ್ಳಿ ಇಡಿ, ಎರಡನೇ ದಿನ ಸಲಾಕೆಯಿಂದ ಕೆದಕಿ ನೀರು ಹಾಕಿ.

---

ಮಳೆನಾಡಹಕ್ಕಿ

ಪಾದೆಯ ಮೇಲೆ ಏನೂ ನೆಡಬೇಡಿ ಎಂದು ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. 15 ಸೆಂ.ಮೀ. ಮಣ್ಣೂ ಇಲ್ಲದ ಕಡೆ ಕಲ್ಲು ಒಡೆದು ಗುಂಡಿ ಮಾಡಿ ನೆಟ್ಟ ಗಿಡ ಜುಲೈಯಲ್ಲಿ ನೀರು ನಿಂತು ಕೊಳೆಯುತ್ತದೆ, ಉಳಿದರೆ ಏಪ್ರಿಲ್‌ನಲ್ಲಿ ಕಾದು ಸಾಯುತ್ತದೆ. ಪಾದೆಗೆ ಅದರದ್ದೇ ಗಿಡಗಳಿವೆ. ಮಳೆಗಾಲದ ಯುಟ್ರಿಕ್ಯುಲೇರಿಯಾ, ಎರಿಯೋಕಾಲನ್ ಹೂಗಳಿಗೆ ಆ ತೆಳು ಮಣ್ಣೇ ಬೇಕು. ಕುದುರೆಮುಖದ ಮೇಲಿನ ಹುಲ್ಲುಗಾವಲಿನ ಬಗ್ಗೆಯೂ ಇದೇ ಗೊಂದಲ. ಶೋಲೆಯ (ಬೆಟ್ಟದ ಕಣಿವೆಯ ಕಾಡು) ಪಕ್ಕದ ಹುಲ್ಲನ್ನು ಕಾಡು ಕಡಿದು ಉಳಿದ ಬೋಳು ಅಂದುಕೊಳ್ಳುತ್ತಾರೆ. ಅದು ಮೊದಲಿನಿಂದಲೂ ಹುಲ್ಲುಗಾವಲೇ.

ಒತ್ತು ಬಿಡಿಸುವ ವಿಷಯದಲ್ಲಿ ನನಗೆ ತಕರಾರಿದೆ. 20 ವರ್ಷದ ಹಾಡಿಯಲ್ಲಿ ಗಳುಗಳು ಒಂದನ್ನೊಂದು ಒತ್ತಿ ಕೆಲವು ಸಾಯುವುದು ಕಾಡು ಬೆಳೆಯುವ ಕ್ರಮ. ಸತ್ತು ನಿಂತ ಗಳುವಿನಲ್ಲಿ ಮರಕುಟಿಕಕ್ಕೆ ಗೂಡು, ಬಿದ್ದ ಗಳುವಿನಲ್ಲಿ ಅಣಬೆ, ಹುಳ. ಆಫ್ರಿಕಾ ಮತ್ತು ಅಮೆರಿಕ ಖಂಡಗಳ ಉಷ್ಣವಲಯದ ತಗ್ಗುನೆಲದ ಮರುಬೆಳೆದ ಕಾಡುಗಳನ್ನು ಒಟ್ಟಿಗಿಟ್ಟು ನೋಡಿದ ಅಧ್ಯಯನವೊಂದು 2021ರಲ್ಲಿ ಬಂತು. ಅದರ ಪ್ರಕಾರ ಮಣ್ಣು 10 ವರ್ಷದೊಳಗೆ ಚೇತರಿಸುತ್ತದೆ, ಕಾಡಿನ ರಚನೆ ಮತ್ತು ಜಾತಿ ವೈವಿಧ್ಯಕ್ಕೆ 25ರಿಂದ 60 ವರ್ಷ, ಯಾವ ಜಾತಿ ಎಷ್ಟಿರಬೇಕೋ ಅಷ್ಟಾಗಲು 120 ವರ್ಷದ ಮೇಲೆ. ನಿಮ್ಮ ಹಾಡಿ ಎರಡನೇ ಹಂತದ ಬಾಗಿಲಲ್ಲಿದೆ. ಈಗ ಕತ್ತಿ ಹಾಕಿದರೆ ಬೆಳಕು ಬೇಕಾದ ಮರಗಳಿಗೆ ಲಾಭ, ನೆರಳಲ್ಲಿ ಕಾಯುತ್ತಿರುವ ಹೈಗ, ಧೂಪದಂಥವಕ್ಕೆ ನಷ್ಟ.

---

ಹಾಡಿಮನೆ

ಎಲ್ಲರಿಗೂ ಧನ್ಯವಾದ. ಇಂಗುಗುಂಡಿಯ ಯೋಜನೆ ಕೈಬಿಟ್ಟಾಯಿತು. ಎಣಿಕೆಯ ಸರಾಸರಿ ಹೀಗಿದೆ.

ಕೆಳಭಾಗ: ವೃತ್ತಕ್ಕೆ 29, ಆದರೆ ಅದರಲ್ಲಿ 21 ಉಪ್ಪಳಿಗೆಯೇ. ಒಟ್ಟು ಜಾತಿ 6.
ಮಧ್ಯ: ವೃತ್ತಕ್ಕೆ 37, ಜಾತಿ 23. ರಟ್ಟಿನ ಲೆಕ್ಕ 11, ಅಂದರೆ ಹೆಕ್ಟೇರಿಗೆ 22 ಚದರ ಮೀಟರ್.
ಮೇಲೆ, ಪಾದೆ ಬಿಟ್ಟು: ವೃತ್ತಕ್ಕೆ 9. ಹೆಚ್ಚಿನವು ಸುಟ್ಟ ಬುಡದಿಂದ ಚಿಗುರಿದ ಮರುವ, ಕಣಗಲು, ಕೌಲು.

ಮೇಲಿನ ಭಾಗಕ್ಕೆ 16 ಕೊರತೆ. ಎಕರೆಗೆ 800ರ ಮೇಲೆ ಗಿಡ ನೆಡಬೇಕಾಗುತ್ತದೆಯೇ?

---

ಬೈನೆಮರ

ಲೆಕ್ಕ ಸರಿ, 825ರ ಹತ್ತಿರ ಬರುತ್ತದೆ. ಆದರೆ ಈಗ ನೆಡಬೇಡಿ. ಪದೇ ಪದೇ ಸುಟ್ಟರೂ 9 ಬುಡ ಚಿಗುರುತ್ತಿವೆ ಎಂದರೆ ಅಲ್ಲಿ ಕಾಣೆಯಾಗಿರುವುದು ಗಿಡವಲ್ಲ, ಬೆಂಕಿಯಿಲ್ಲದ ನಾಲ್ಕು ವರ್ಷ. ಮೊದಲ ಎರಡು ವರ್ಷ ಗೆರೆ ಕಾಪಾಡಿ, ಆಮೇಲೆ ಅದೇ ಜಾಗದಲ್ಲಿ ಮತ್ತೆ ಎಣಿಸಿ. 50 ಸೆಂ.ಮೀ.ಗಿಂತ ಗಿಡ್ಡವಾಗಿದ್ದು ಈ ಸಲ ಲೆಕ್ಕಕ್ಕೆ ಬಾರದ ಸಸಿಗಳು ಆಗ ಬರುತ್ತವೆ. ಅಷ್ಟಾದ ಮೇಲೂ ಕೊರತೆ ಉಳಿದರೆ ನೆಡುವುದು. ಈಗಲೇ ನೆಟ್ಟು ಒಂದು ಬೆಂಕಿ ಬಿದ್ದರೆ 825 ಗಿಡದ ದುಡ್ಡೂ ಕೂಲಿಯೂ ಬೂದಿ.

ಆ ತನಕ ಪ್ರತಿ ಚಿಗುರುಬುಡಕ್ಕೆ ಒಂದು ಕೋಲು ಊರಿ ಗುರುತು ಮಾಡಿ. ಹುಲ್ಲು ಹೆರೆಯುವವರಿಗೆ ಅದು ಕಾಣಬೇಕು. ಸುತ್ತ ಒಂದು ಮೀಟರ್ ಹುಲ್ಲನ್ನು ಕೊಯ್ಯುವ ಬದಲು ಹಲಗೆಯಿಂದ ತುಳಿದು ಮಲಗಿಸಿದರೆ ಇನ್ನೂ ಒಳ್ಳೆಯದು. ಕೊಯ್ದ ಮುಳಿ ಇಮ್ಮಡಿ ಚಿಗುರುತ್ತದೆ, ಬಾಗಿ ಮಲಗಿದ್ದು ಅಷ್ಟು ಬೇಗ ಏಳುವುದಿಲ್ಲ. ಸೆಪ್ಟೆಂಬರ್‌ನಲ್ಲಿ ದಂಟು ಉದ್ದವಾದ ಮೇಲೆ ಮಾಡಿ. ಒಂದೊಂದು ಬುಡಕ್ಕೆ ಎರಡು ಗಟ್ಟಿ ಚಿಗುರು ಉಳಿಸಿ, ಉಳಿದದ್ದು ಸವರಿ.

ಮಧ್ಯದ ಹಾಡಿಗೆ ಬಂದರೆ, ಮಳೆನಾಡಹಕ್ಕಿಯವರ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. 22 ಎಂದರೆ ಇನ್ನೂ ಬೆಳೆಯುವ ಜಾಗ ಬೇಕಾದಷ್ಟಿದೆ. ಇಡೀ ಹಾಡಿಯ ಒತ್ತು ಬಿಡಿಸುವುದು ತೇಗದ ತೋಪಿನ ಬುದ್ಧಿ. ಆದರೆ ಮನೆಗೆ ಕಟ್ಟಿಗೆ, ಗಳು ಹೇಗೂ ಬೇಕು, ಅವರು ಎಲ್ಲಿಂದಲಾದರೂ ತರಲೇಬೇಕು. ಆ ಕಡಿತವನ್ನೇ ಸರಿಯಾದ ಮರದ ಮೇಲೆ ಹಾಕಿಸಿದರೆ ಎರಡೂ ಕೆಲಸ ಆಗುತ್ತದೆ.

ಮಾಡುವ ಕ್ರಮ: ಎಕರೆಗೆ 40–45 ‘ಮುಂದಿನ ಮರ’ಗಳನ್ನು, ಅಂದರೆ ಕೊನೆತನಕ ಉಳಿಸಿ ಬೆಳೆಸುವ ಮರಗಳನ್ನು ಆರಿಸಿ, ಒಂದರಿಂದ ಒಂದಕ್ಕೆ 9–10 ಮೀಟರ್ ಅಂತರ. ನೇರ ಕಾಂಡ, ಗಾಯವಿಲ್ಲದ ಬುಡ, ಜೀವಂತ ತಲೆ. ಒಂದೇ ಜಾತಿ ಮೂರರಲ್ಲಿ ಒಂದು ಭಾಗ ಮೀರದಿರಲಿ, ಇಲ್ಲದಿದ್ದರೆ ಎಲ್ಲರೂ ಮರುವ, ಜಂಬೆಯನ್ನೇ ಆರಿಸುತ್ತಾರೆ. ಸುಣ್ಣದಲ್ಲಿ ಒಂದು ಪಟ್ಟೆ ಎಳೆಯಿರಿ. ಆಮೇಲೆ ಒಂದೊಂದರ ಅಡಿ ನಿಂತು ತಲೆ ಎತ್ತಿ ನೋಡಿ. ಅದರ ನೆತ್ತಿಯ ಮೇಲೆ ಹತ್ತಿರುವ ಅಥವಾ ಬದಿಯಿಂದ ಒತ್ತುತ್ತಿರುವ ಒಂದು ಮರ, ಹೆಚ್ಚೆಂದರೆ ಎರಡು, ಅಷ್ಟೇ ತೆಗೆಯುವುದು. ಕೆಳಗೆ ನೆರಳಲ್ಲಿ ನಿಂತ ಸಣ್ಣ ಗಿಡ ಯಾರಿಗೂ ತೊಂದರೆ ಕೊಡುವುದಿಲ್ಲ, ಅದನ್ನು ಸವರಿ ‘ಚೊಕ್ಕ’ ಮಾಡುವುದು ಬೇಡ. ಆ ಚೊಕ್ಕತನದಲ್ಲಿ ಹೈಗದ ಸಸಿಗಳೆಲ್ಲ ಹೋಗುತ್ತವೆ.

ಒಂದು ಸುತ್ತಿಗೆ 22ರಲ್ಲಿ 3, ಹೆಚ್ಚೆಂದರೆ 4 ಚದರ ಮೀಟರ್ ಇಳಿಯಲಿ. ಸುತ್ತಳತೆ 60 ಸೆಂ.ಮೀ. ಇರುವ ಮರದ ಬುಡದ ವಿಸ್ತೀರ್ಣ 0.029 ಚ.ಮೀ. (ಸುತ್ತಳತೆಯ ವರ್ಗವನ್ನು 12.57ರಿಂದ ಭಾಗಿಸಿ, ಅಳತೆ ಮೀಟರ್‌ನಲ್ಲಿ). ಅಂದರೆ 3 ಚದರ ಮೀಟರ್ ಇಳಿಸಲು ಎಕರೆಗೆ ಅಂಥ 40–45 ಗಳು. ಮುಂದಿನ ಸುತ್ತು 5–6 ವರ್ಷದ ನಂತರ. ಇದಕ್ಕಿಂತ ಜಾಸ್ತಿ ತೆರೆದರೆ ನೆರಳಿನ ಮರಗಳ ತೊಗಟೆ ಬಿಸಿಲಿಗೆ ಸಿಡಿಯುತ್ತದೆ, ಕಾಂಡದ ಮೇಲೆಲ್ಲ ಚಿಗುರೊಡೆದು ಮೋಪು ಗಂಟಾಗುತ್ತದೆ, ಬೇರು ಆಳಕ್ಕಿಳಿಯದ ಮುರಕಲ್ಲು ನೆಲದಲ್ಲಿ ಜೂನ್‌ನ ಗಾಳಿಗೆ ಉದ್ದುದ್ದ ಮಲಗುತ್ತದೆ. ಮಂಗಟ್ಟೆ ಹಕ್ಕಿಯ ಗೂಡಿನ ಕಾಲ ತಪ್ಪಿಸಿ ನವೆಂಬರ್-ಡಿಸೆಂಬರ್‌ನಲ್ಲಿ ಮುಗಿಸಿ. ಪೊಟರೆ ಇರುವ ಮರ ಎಷ್ಟೇ ಡೊಂಕಾಗಿದ್ದರೂ ಮುಟ್ಟಬೇಡಿ.

ಮರುವ, ಜಂಬೆ ಕಡಿದ ಬುಡ ಚಿಗುರುತ್ತದೆ. 10–15 ಸೆಂ.ಮೀ. ಎತ್ತರಕ್ಕೆ, ನೀರು ನಿಲ್ಲದ ಹಾಗೆ ಓರೆಯಾಗಿ ಗರಗಸದಿಂದ ಕೊಯ್ಯಿಸಿ. ಕೊಡಲಿಯಲ್ಲಿ ಬಡಿದು ಸೀಳಿದ ಬುಡದ ಚಿಗುರು ಎರಡನೇ ಗಾಳಿಗೆ ಕಿತ್ತು ಬರುತ್ತದೆ.

---

ರೆಂಜೆಮಾಲೆ

ಕೆಳಭಾಗಕ್ಕೆ: ಸಂಖ್ಯೆ ಸಾಕು, ಜಾತಿ ಸಾಲದು. ಎಕರೆಗೆ 60 ಗಿಡ ಸೇರಿಸಿ, ಎರಡೂವರೆ ಎಕರೆಗೆ 150. ಸತ್ತದ್ದಕ್ಕೆ ಬದಲಿ ನೆಡಲು ಇನ್ನೊಂದು 30 ಮೂಲೆಯಲ್ಲಿಟ್ಟಿರಿ. 8–10 ಜಾತಿ ಇರಲಿ: ಧೂಪ, ಕಿರಾಲ್‌ಬೋಗಿ, ಹೆಬ್ಬಲಸು, ರೆಂಜೆ, ನಾಗಸಂಪಿಗೆ, ರಕ್ತಮರ, ಪುನರ್ಪುಳಿ, ಉಪ್ಪಾಗೆ, ಕಾಡುಮಾವು. ನಿಮ್ಮ ಮಧ್ಯದ ಹಾಡಿಯಲ್ಲೇ ಇರುವ ಹೈಗ, ನೇರಳೆ ಕೊಂಡು ತರಬೇಡಿ, ಅವು ತಾವಾಗಿ ಇಳಿದು ಬರುತ್ತವೆ.

ಧೂಪ, ಬೋಗಿ, ಹೆಬ್ಬಲಸಿನ ಬೀಜ ಒಣಗಿಸಿ ಇಡುವಂಥವಲ್ಲ. ಬೋಗಿಯ ರೆಕ್ಕೆಬೀಜ ಮಳೆ ಹಿಡಿಯುವ ಹೊತ್ತಿಗೆ ಉದುರುತ್ತದೆ, ಒಂದೆರಡು ವಾರದಲ್ಲಿ ಮೊಳಕೆಶಕ್ತಿ ಹೋಗುತ್ತದೆ. ಬಿದ್ದದ್ದನ್ನು ಒದ್ದೆ ಗೋಣಿಯಲ್ಲಿ ತಂದು ಎರಡು ಮೂರು ದಿನದಲ್ಲಿ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ. ಬಿಸಿಲಿನಲ್ಲಿ ಬೆಳೆಸಿದ ಬೋಗಿ ಸಸಿ ಹಳದಿಯಾಗಿ ನಿಂತುಬಿಡುತ್ತದೆ, ಅರ್ಧಕ್ಕಿಂತ ಹೆಚ್ಚು ನೆರಳಿನ ಬಲೆ ಬೇಕು. ನರ್ಸರಿಯಿಂದ ತರುವುದಾದರೆ ಒಂದು ಗಿಡದ ಚೀಲ ಬಿಚ್ಚಿ ಬೇರು ನೋಡಿ. ತಾಯಿಬೇರು ಅಡಿಯಲ್ಲಿ ಸುರುಳಿ ಸುತ್ತಿದ್ದರೆ ಆ ಇಡೀ ತಂಡವೇ ಬೇಡ. ಐದಾರು ವರ್ಷ ಚೆನ್ನಾಗಿ ಬೆಳೆದು ಆಮೇಲೆ ಬುಡ ಸಮೇತ ಉರುಳುವ ಗಿಡಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಗಿಡ 45–60 ಸೆಂ.ಮೀ. ಇರಲಿ. ಗುಂಡಿ 45 ಸೆಂ.ಮೀ. ಚೌಕ, ಅಷ್ಟೇ ಆಳ. ಎರಡು ಮೂರು ಒಳ್ಳೆ ಮಳೆ ಬಿದ್ದ ಮೇಲೆ, ಜಡಿಮಳೆ ಹಿಡಿಯುವ ಮೊದಲು ನೆಡಿ. ಮಣ್ಣು ನೆಲಮಟ್ಟಕ್ಕಿಂತ ಸ್ವಲ್ಪ ದಿಬ್ಬವಾಗಿರಲಿ. ತಗ್ಗು ಬಿಟ್ಟರೆ ಜುಲೈಯಲ್ಲಿ ಬುಡ ಕೊಳೆಯುತ್ತದೆ. ಸುತ್ತ 60 ಸೆಂ.ಮೀ. ಕಳೆ ಬಿಡಿಸುವುದು ವರ್ಷಕ್ಕೆ ಮೂರು ಸಲ, ಮೂರು ವರ್ಷ. ನವೆಂಬರ್‌ನಲ್ಲಿ 10 ಸೆಂ.ಮೀ. ದಪ್ಪ ತರಗೆಲೆ ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಏರುತ್ತದೆ. ಮೂರನೇ ವರ್ಷ ಗಿಡ ಆಳೆತ್ತರ ಬಂದಾಗ ಅದರ ನೆತ್ತಿಯ ಮೇಲಿರುವ ಉಪ್ಪಳಿಗೆಯನ್ನು ಮಾತ್ರ ತೆಗೆಯಿರಿ.

ಮೈಕೇನಿಯಾವನ್ನು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಹೂವಿಗೆ ಮೊದಲು ಬುಡದಿಂದ ಎಳೆದು ತೆಗೆಯಬೇಕು. ಗಿಣ್ಣು ಗಿಣ್ಣಿಗೂ ಬೇರು ಬಿಡುತ್ತದೆ. ಒದ್ದೆ ನೆಲದಲ್ಲಿ ರಾಶಿ ಹಾಕಿದರೆ ಅಲ್ಲೇ ಹೊಸ ತೋಟ ಆಗುತ್ತದೆ, ಪಾದೆಯ ಮೇಲೆ ಹರಡಿ ಒಣಗಿಸಿ. ಹಾಗೆಂದು ಹಾಡಿಯ ಎಲ್ಲ ಬಳ್ಳಿ ಕಡಿಯಬೇಡಿ. ಸೀಗೆ, ಬೆತ್ತ, ದೊಡ್ಡ ಕಾಡುಬಳ್ಳಿಗಳು ಇರಲಿ, ಆರಿಸಿದ ಮುಂದಿನ ಮರದ ತಲೆ ಮುಚ್ಚಿರುವುದನ್ನಷ್ಟೇ ಬುಡದಲ್ಲಿ ಕತ್ತರಿಸಿ ಬಿಡಿ. ಎಳೆಯಲು ಹೋದರೆ ಕೊಂಬೆ ಮುರಿದು ಬರುತ್ತದೆ.

ಪುನರ್ಪುಳಿ, ಉಪ್ಪಾಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕಾಯಿ ಬಿಡದ್ದು ಬಂಜೆ ಅಂತ ಕಡಿಯಬೇಡಿ, ಸುತ್ತಲಿನ ಹೆಣ್ಣು ಮರಕ್ಕೆ ಪರಾಗ ಅದರಿಂದಲೇ. ಉಪ್ಪಾಗೆ ಕೊಯ್ಲಿಗೆ ಕೊಂಬೆ ಕಡಿಯುವ ಅಭ್ಯಾಸ ಬೇಡ. ನಾಲ್ಕರಲ್ಲಿ ಒಂದು ಪಾಲು ಹಣ್ಣು ಮರದಲ್ಲೇ ಬಿಡಿ.

---

ಶೇಡಿಗುಡ್ಡೆ

ಕಾಗದದ ವಿಷಯ ಸಣ್ಣದಾಗಿ. ಕುಮ್ಕಿ ಸರಕಾರದ ಜಾಗ. ನಿಮಗಿರುವುದು ಕೃಷಿಗೆ ಸೊಪ್ಪು, ಸೌದೆ ತರುವಂಥ ಸವಲತ್ತು, ಅಲ್ಲಿನ ಮರ ಮಾರುವ ಹಕ್ಕಲ್ಲ. ಮೇಲೆ ಹೇಳಿದ ಕಡಿತದ ಲೆಕ್ಕವೆಲ್ಲ ವರ್ಗ ಜಾಗಕ್ಕೆ ಮಾತ್ರ. ಅಲ್ಲಿಯೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವಿನಾಯಿತಿ ಇರುವ ಜಾತಿ ಬಿಟ್ಟು ಉಳಿದದ್ದಕ್ಕೆ ಅನುಮತಿ ಬೇಕು. ಬೀಟಿ, ಸಾಗುವಾನಿ, ಗಂಧ ಇದ್ದರೆ ನಿಯಮ ಇನ್ನೂ ಬಿಗಿ. ಸರ್ವೆ ನಂಬರ್ ಡೀಮ್ಡ್ ಫಾರೆಸ್ಟ್ (ಅರಣ್ಯವೆಂದು ಪರಿಗಣಿಸಿದ ಜಾಗ) ಪಟ್ಟಿಯಲ್ಲಿದೆಯೇ, ಅಭಯಾರಣ್ಯದ ಪರಿಸರಸೂಕ್ಷ್ಮ ವಲಯದೊಳಗಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಕೇಶಿಯಾ ಮಾರುವ ಮೊದಲು ಸಾಗಾಟದ ಪರವಾನಗಿ ಬೇಕೇ ಎಂದೂ ವಿಚಾರಿಸಿ. ಲಾರಿ ಹೊರಟ ಮೇಲೆ ಕೇಳುವುದರಲ್ಲಿ ಪ್ರಯೋಜನವಿಲ್ಲ.

---

ಹಾಡಿಮನೆ

ಕೊನೆಯದಾಗಿ ತರಗೆಲೆ. ಈಗ ಪ್ರತಿ ಫೆಬ್ರವರಿ ಮಧ್ಯದ ಹಾಡಿಯನ್ನು ಪೂರ್ತಿ ಗುಡಿಸಿ ತೋಟಕ್ಕೆ ತರುತ್ತೇವೆ. ನಿಲ್ಲಿಸಬೇಕೆ?

---

ಕಡವೆಕೋಡು

ಪೂರ್ತಿ ನಿಲ್ಲಿಸಬೇಕಿಲ್ಲ, ಕ್ರಮ ಬದಲಿಸಿ. ಹಾಡಿಯನ್ನು ನಾಲ್ಕು ತುಂಡು ಮಾಡಿ ವರ್ಷಕ್ಕೆ ಒಂದು ತುಂಡು ಮಾತ್ರ ಗುಡಿಸಿ. ಹಲ್ಲಿನ ಗೋರುಮಣೆ ಬೇಡ, ಕೈಯಲ್ಲಿ ಬಾಚಿ ಮೇಲಿನ ಹೊಸ ಎಲೆ ಮಾತ್ರ ತನ್ನಿ. ಅಡಿಯ ಕಪ್ಪು ಅರೆಕೊಳೆತ ಪದರ ಅಲ್ಲೇ ಇರಬೇಕು. ಮೊದಲ ಮಳೆಯ ಹನಿಯಿಂದ ಮಣ್ಣನ್ನು ಕಾಯುವುದೂ ಬಿದ್ದ ಬೀಜಕ್ಕೆ ಹಾಸಿಗೆಯಾಗುವುದೂ ಆ ಪದರ. ಗೋರುಮಣೆ ಎಳೆದಾಗ ಬೆರಳೆತ್ತರದ ಸಸಿಗಳೆಲ್ಲ ಅದರ ಹಲ್ಲಿಗೆ ಸಿಕ್ಕಿ ಬರುತ್ತವೆ, ರಾಶಿಯನ್ನು ಒಮ್ಮೆ ಬಿಡಿಸಿ ನೋಡಿ.

ಕೊರತೆಯಾದ ಎಲೆಗೆ ಎರಡು ದಾರಿ. ಹೇಗಿದ್ದರೂ ಗುಡಿಸಲೇಬೇಕಾದ ಎರಡು ಬೆಂಕಿ ಗೆರೆಗಳ ಎಲೆ-ಹುಲ್ಲು ಪೂರ್ತಿ ತೋಟಕ್ಕೆ ಹಾಕಿ. ಕೆಳಭಾಗದ ಕಮ್ಯುನಿಸ್ಟ್ ಸೊಪ್ಪನ್ನು ಹೂ ಬಿಡುವ ಮೊದಲು, ಅಕ್ಟೋಬರ್-ನವೆಂಬರ್‌ನಲ್ಲಿ ಕೊಯ್ದು ಹಸಿಯಾಗಿಯೇ ಅಡಿಕೆ ಬುಡಕ್ಕೆ ಹಾಕಿ, ಒಳ್ಳೆಯ ಹಸಿರೆಲೆ ಗೊಬ್ಬರ. ಹೂ ಬಿಟ್ಟ ಮೇಲೆ ತಂದರೆ ತೋಟದಲ್ಲೇ ಅದರ ಬೀಜ. ಹಸಿ ಸೊಪ್ಪು ಮರದಿಂದ ಕಡಿಯಲೇಬೇಕಿದ್ದರೆ ಮರುವದಂಥ ಚಿಗುರುವ ಮರದಿಂದ, ತಲೆಯ ಮೇಲಿನ ಮೂರನೇ ಒಂದು ಭಾಗ ಬಿಟ್ಟು. ಅದೇ ಮರಕ್ಕೆ ಮತ್ತೆ ಮೂರು ವರ್ಷ ಕತ್ತಿ ಬೇಡ, ಸುಣ್ಣದ ಪಟ್ಟೆ ಎಳೆದ ಮರಗಳಿಗೆ ಎಂದಿಗೂ ಬೇಡ.

ಕೆಲಸದವರಿಗೆ ಚೇರೆ ಮರ ಮೊದಲೇ ತೋರಿಸಿಡಿ. ಅದರ ಕರಿ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಸೌದೆಯಾಗಿ ಉರಿಸಿದರೆ ಅದರ ಹೊಗೆಯೂ ಮೈಗೆ ಒಗ್ಗುವುದಿಲ್ಲ.